ಬಾಡಿಗೆ ಮನೆ: ಬೀಗದ ಕೈ ಕೊಡುವ ಮೊದಲು, ವಾಪಸ್ ಪಡೆಯುವಾಗ

ಮನೆ ಕಟ್ಟಿ ಅಥವಾ ಕೊಂಡು ಬಾಡಿಗೆಗೆ ಬಿಡುವವರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಹಾಕಿಲ್ಲ. ಕಾನೂನಿನ ಉತ್ತರಗಳು ಕರ್ನಾಟಕದ ಮನೆಗಳಿಗೆ ಸಂಬಂಧಿಸಿದವು.

ನಿವೃತ್ತಿಯಿಂದ 80 ಲಕ್ಷ ರೂಪಾಯಿ ಬಂದಿದೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡಬೇಕೆಂದಿದ್ದೇನೆ. ತುಮಕೂರಿನಲ್ಲಿ 30/40ರ ಸ್ವಂತ ನಿವೇಶನವೂ ಇದೆ. ಯಾವುದು ಲಾಭ?
— ಓದುಗರು, ತುಮಕೂರು

ಬ್ರೋಕರ್ ಹೇಳುವ ಲೆಕ್ಕ ಹೀಗಿರುತ್ತದೆ: ಫ್ಲ್ಯಾಟಿಗೆ 75 ಲಕ್ಷ, ಬಾಡಿಗೆ 25,000, ವರ್ಷಕ್ಕೆ 3 ಲಕ್ಷ, ಅಂದರೆ ಶೇ 4. ಕೈಗೆ ನಿಜವಾಗಿ ಬರುವುದು ಇಷ್ಟಲ್ಲ. ಕಾಗದ–ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ.

ಮೊದಲು ಕೊಳ್ಳುವ ಖರ್ಚು. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 75 ಲಕ್ಷಕ್ಕೆ 5.70 ಲಕ್ಷ. ನಿಮ್ಮ ಹೂಡಿಕೆ ಅಲ್ಲಿಗೇ 80.70 ಲಕ್ಷ.

ಇನ್ನು ವರ್ಷದ ಖರ್ಚು. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾಗಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷಕ್ಕೆ 12,500 ಹೋಯಿತು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ಇನ್ನೊಂದು 12,500. ಆಸ್ತಿ ತೆರಿಗೆ 9,000 ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೊಮ್ಮೆ 45,000ದ ಬಣ್ಣ ಎಂದರೆ ವರ್ಷಕ್ಕೆ 15,000. ನಲ್ಲಿ, ಗೀಸರ್, ಸ್ವಿಚ್ಚು, ಬಾಗಿಲಿನ ರಿಪೇರಿಗೆ 12,000. ಖಾಲಿ ತಿಂಗಳಲ್ಲಿ ಅಪಾರ್ಟ್‌ಮೆಂಟ್ ನಿರ್ವಹಣಾ ಶುಲ್ಕ ನಿಮ್ಮ ಕೈಯಿಂದಲೇ, ಅದಕ್ಕೆ 2,000. ಎಲ್ಲ ಕಳೆದರೆ ಉಳಿಯುವುದು 2.37 ಲಕ್ಷ. ಹೂಡಿಕೆಗೆ ಹೋಲಿಸಿದರೆ ಶೇ 3ಕ್ಕಿಂತ ಸ್ವಲ್ಪ ಕಡಿಮೆ. ಆದಾಯ ತೆರಿಗೆ ಇನ್ನೂ ಕಟ್ಟಿಲ್ಲ. ಈ ಅಂಕಿಗಳ ಜಾಗದಲ್ಲಿ ನೀವು ನೋಡಿರುವ ಫ್ಲ್ಯಾಟಿನ ಅಂಕಿ ಹಾಕಿ. ಬಾಡಿಗೆಯ ಐದನೇ ಒಂದು ಭಾಗ ಖರ್ಚಿಗೆ ಹೋಗುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಇಂಥ ಫ್ಲ್ಯಾಟನ್ನು ಶೇ 8–9ರ ಸಾಲದಲ್ಲಿ ಕೊಂಡರೆ ಪ್ರತಿ ತಿಂಗಳೂ ಸಂಬಳದಿಂದ ಅಥವಾ ಪಿಂಚಣಿಯಿಂದ ಹಣ ತುಂಬಬೇಕಾಗುತ್ತದೆ.

ತುಮಕೂರಿನ ನಿವೇಶನದಲ್ಲಿ ಎರಡು ಮಹಡಿಗೆ ಒಂದು ಕೋಣೆಯ ನಾಲ್ಕು ಮನೆ ಕಟ್ಟಿದರೆ? 1,800 ಚದರ ಅಡಿಗೆ ಅಡಿಗೊಂದಕ್ಕೆ 2,100ರಂತೆ 37.8 ಲಕ್ಷ. ಸಂಪು, ಬೋರ್‌ವೆಲ್, ವಿದ್ಯುತ್ ಸಂಪರ್ಕ, ನಕ್ಷೆ ಮಂಜೂರಾತಿ ಸೇರಿ 41 ಲಕ್ಷ ಎನ್ನೋಣ. ಮನೆಗೆ 8,500ರಂತೆ ವರ್ಷಕ್ಕೆ 4.08 ಲಕ್ಷ ಬಾಡಿಗೆ. ಮನೆ ನಾಲ್ಕಾದ ಕಾರಣ ಖರ್ಚು ಹೆಚ್ಚು, ಕಾಲು ಭಾಗ ಕಳೆಯಿರಿ. ಉಳಿಯುವುದು 3.06 ಲಕ್ಷ, ಹೊಸದಾಗಿ ಹಾಕಿದ ಹಣಕ್ಕೆ ಸುಮಾರು ಶೇ 7.5.

ಇಲ್ಲಿ ಒಂದು ಎಚ್ಚರ ಬೇಕು. ನಿವೇಶನದ ಬೆಲೆ 40 ಲಕ್ಷ ಇದ್ದರೆ ಅದನ್ನೂ ಸೇರಿಸಿದಾಗ ಇಳುವರಿ ಶೇ 3.8ಕ್ಕೆ ಇಳಿಯುತ್ತದೆ. ನಿವೇಶನ ಮಾರುವ ಯೋಚನೆ ಇದ್ದರೆ ಈ ಎರಡನೇ ಲೆಕ್ಕ ನೋಡಿ, ಇಲ್ಲದಿದ್ದರೆ ಮೊದಲನೆಯದು. ಮಾರುವ ಯೋಚನೆ ಇಲ್ಲವಾದರೆ ನಮ್ಮ ಸಲಹೆ ತುಮಕೂರಿನಲ್ಲಿ ಕಟ್ಟುವುದೇ. ಒಂದು ಮನೆ ಖಾಲಿಯಾದರೂ ಉಳಿದ ಮೂರರ ಬಾಡಿಗೆ ಬರುತ್ತದೆ, ನೀವು ಅದೇ ಊರಿನಲ್ಲಿದ್ದೀರಿ, ಅರ್ಧದಷ್ಟು ಹಣವೂ ಕೈಯಲ್ಲಿ ಉಳಿಯುತ್ತದೆ. ಆದರೆ ನಕ್ಷೆ ಮೀರಿ ಕಟ್ಟಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಓಸಿ (ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂಬ ಸ್ವಾಧೀನ ಪ್ರಮಾಣಪತ್ರ) ಇಲ್ಲದ ಕಟ್ಟಡಗಳಿಗೆ ಹೊಸ ವಿದ್ಯುತ್, ನೀರಿನ ಸಂಪರ್ಕ ಸಿಗುವುದು ಕಷ್ಟವಾಗಿದೆ. ನಿಮ್ಮ ಅಳತೆಯ ನಿವೇಶನಕ್ಕೆ ವಿನಾಯಿತಿ ಇದೆಯೇ ಎಂದು ಅಡಿಪಾಯ ತೋಡುವ ಮೊದಲೇ ಪಾಲಿಕೆ ಮತ್ತು ವಿದ್ಯುತ್ ಕಂಪನಿ ಎರಡೂ ಕಡೆ ಕೇಳಿಕೊಳ್ಳಿ.

ಎಲ್ಲರೂ 11 ತಿಂಗಳಿಗೇ ಕರಾರು ಮಾಡುವುದೇಕೆ? ಮೂರು ವರ್ಷಕ್ಕೆ ಒಮ್ಮೆಲೇ ಬರೆಸಿ ನೋಟರಿ ಮಾಡಿಸಿದರೆ ಸಾಲದೇ?
— ಓದುಗರು, ಹುಬ್ಬಳ್ಳಿ

ಸಾಲದು. 1 ವರ್ಷ ಮೀರಿದ ಅವಧಿಯ ಗುತ್ತಿಗೆ ಕಡ್ಡಾಯವಾಗಿ ನೋಂದಣಿಯಾಗಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ ಹೇಳುತ್ತವೆ. ನೋಟರಿ ಮುದ್ರೆ ನೋಂದಣಿಯಲ್ಲ. ನೋಂದಣಿಯಾಗದ ಮೂರು ವರ್ಷದ ಪತ್ರದಲ್ಲಿನ ಅವಧಿ, ವರ್ಷವರ್ಷದ ಏರಿಕೆ, ‘ಎರಡು ವರ್ಷ ಬಿಡುವಂತಿಲ್ಲ’ ಎಂಬ ಷರತ್ತು ಇವು ಯಾವುವೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತಿದೆ ಎಂದಷ್ಟೇ ಪರಿಗಣನೆಯಾಗುತ್ತದೆ. ಅದಕ್ಕಾಗಿಯೇ 11 ತಿಂಗಳು. ಅಂಗಡಿಯವರು ಒಳಾಂಗಣಕ್ಕೆ ಹಣ ಹಾಕಿ ಐದು ವರ್ಷದ ಭರವಸೆ ಕೇಳಿದಾಗ ಮಾತ್ರ ಉಪನೋಂದಣಿ ಕಚೇರಿಗೆ ಹೋಗಿ ನೋಂದಾಯಿಸಿ.

ಇನ್ನೊಂದು ತಪ್ಪು ಕೈಗೆ ಸಿಕ್ಕ ಬೆಲೆಯ ಸ್ಟಾಂಪ್ ಪೇಪರಿನಲ್ಲಿ ಬರೆಯುವುದು. ಮುದ್ರಾಂಕ ಶುಲ್ಕ ನಿಂತಿರುವುದು ಬಾಡಿಗೆ ಮತ್ತು ಅಡ್ವಾನ್ಸ್ ಮೊತ್ತದ ಮೇಲೆ. ಕಡಿಮೆ ಕಟ್ಟಿದ ಪತ್ರವನ್ನು ಮುಂದೊಂದು ದಿನ ನ್ಯಾಯಾಲಯದಲ್ಲಿ ಹಾಜರುಪಡಿಸಿದರೆ ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ದಂಡ ಬೀಳಬಹುದು. ಉಳಿಸಿದ್ದು ಕೆಲವು ನೂರು, ಕಟ್ಟುವುದು ಸಾವಿರಗಳಲ್ಲಿ, ಅದೂ ಪತ್ರದ ಅಗತ್ಯ ಅತಿ ಹೆಚ್ಚಾಗಿರುವ ದಿನ.

ಕರಾರಿನಲ್ಲಿ ಜನ ಮರೆಯುವ ಷರತ್ತುಗಳಲ್ಲಿ ಮುಖ್ಯವಾದದ್ದು ಒಳಬಾಡಿಗೆ. ಕೊಡಬಾರದೆಂದು ಬರೆಯದಿದ್ದರೆ ಬಾಡಿಗೆದಾರರು ಬೇರೆಯವರಿಗೆ ಕೊಡಬಹುದು ಎಂದೇ ಆಸ್ತಿ ವರ್ಗಾವಣೆ ಕಾಯ್ದೆ ಹೇಳುತ್ತದೆ. ಆದ್ದರಿಂದ ‘ಒಳಬಾಡಿಗೆ ಇಲ್ಲ’ ಎಂಬ ಸಾಲು ಇರಲೇಬೇಕು. ಮನೆಯಲ್ಲಿ ವಾಸಿಸುವವರ ಸಂಖ್ಯೆ, ಬಾಡಿಗೆ ಕೊಡುವ ತಾರೀಖು, ಬಿಡಲು ಎರಡೂ ಕಡೆಯವರು ಕೊಡಬೇಕಾದ ನೋಟಿಸಿನ ಅವಧಿ, ನವೀಕರಣಕ್ಕೆ ಏರಿಕೆ ಎಷ್ಟು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ನೀವು ಮನೆ ನೋಡಲು ಬರುವ ಮುನ್ನ ಎಷ್ಟು ಗಂಟೆ ಮೊದಲು ತಿಳಿಸಬೇಕು, ಇವನ್ನೂ ಬರೆಯಿರಿ. ಕೊನೆಯದನ್ನು ಮಾಲೀಕರು ಬಿಟ್ಟುಬಿಡುತ್ತಾರೆ. ಕೀಲಿಕೈ ಇದೆಯೆಂದು ಹೇಳದೆ ಒಳಗೆ ನುಗ್ಗುವುದು ತಪ್ಪು. ಬಾಡಿಗೆ ನಡೆಯುತ್ತಿರುವಷ್ಟು ದಿನ ಅದು ಅವರ ಮನೆ.

ಬಾಡಿಗೆದಾರರು 9 ವರ್ಷದಿಂದ ಇದ್ದಾರೆ. 12 ವರ್ಷವಾದರೆ ಮನೆ ಅವರದ್ದಾಗುತ್ತದೆ ಎನ್ನುತ್ತಾರೆ. ಒಳ್ಳೆಯವರು, ಬಿಡಿಸಲು ಮನಸ್ಸಿಲ್ಲ.
— ಓದುಗರು, ದಾವಣಗೆರೆ

ಬಿಡಿಸಬೇಡಿ. ನಿಮ್ಮ ಅನುಮತಿಯಿಂದ, ಬಾಡಿಗೆ ಕೊಟ್ಟು ಇರುವವರು ಎಷ್ಟು ವರ್ಷ ಇದ್ದರೂ ಮಾಲೀಕರಾಗುವುದಿಲ್ಲ. ಬಾಡಿಗೆ ನಡೆಯುತ್ತಿರುವಾಗ ಅವರು ನಿಮ್ಮ ಮಾಲೀಕತ್ವವನ್ನು ಅಲ್ಲಗಳೆಯುವಂತೆಯೇ ಇಲ್ಲ. ಸಾಕ್ಷ್ಯ ಕಾನೂನಿನಲ್ಲಿ ಇದು ಮೊದಲಿಂದಲೂ ಇದೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. 12 ವರ್ಷದ ಮಾತು ಹುಟ್ಟಿದ್ದು ಬೇರೆ ಕಡೆಯಿಂದ: ಬಾಡಿಗೆ ಒಪ್ಪಂದ ರದ್ದಾದ ದಿನದಿಂದ 12 ವರ್ಷದೊಳಗೆ ಸ್ವಾಧೀನ ಕೇಳಿ ದಾವೆ ಹೂಡಬೇಕು ಎಂಬುದು ಕಾಲಮಿತಿ ಕಾಯ್ದೆಯ ನಿಯಮ. ಅಂದರೆ ಅಪಾಯ ಇರುವುದು ನೋಟಿಸ್ ಕೊಟ್ಟು, ಬಾಡಿಗೆ ನಿಲ್ಲಿಸಿ, ಆಮೇಲೆ ಸುಮ್ಮನೆ ಕೂತವರಿಗೆ. ನೀವು ಪ್ರತಿ 11 ತಿಂಗಳಿಗೂ ಹೊಸ ಕರಾರು ಮಾಡಿ, ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. ಕಂದಾಯ, ಖಾತೆ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿರಲಿ. ಒಳ್ಳೆಯ ಬಾಡಿಗೆದಾರರನ್ನು ಈ ಭಯಕ್ಕೆ ಕಳುಹಿಸಿ, ಖಾಲಿ ಮನೆಗೆ ಬಣ್ಣ ಬಳಿದು, ಬ್ರೋಕರ್‌ಗೆ ದುಡ್ಡು ಕೊಟ್ಟು ಗುರುತಿಲ್ಲದವರನ್ನು ತರುವುದೇ ನಿಜವಾದ ನಷ್ಟ.

ಐದು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಬಾಡಿಗೆ 18,000, ಅಡ್ವಾನ್ಸ್ 1 ಲಕ್ಷ. ಕೇಳಿದರೆ ‘ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ’ ಎನ್ನುತ್ತಾರೆ. ನೀರು, ಕರೆಂಟು ನಿಲ್ಲಿಸಿ ಬೀಗ ಹಾಕಬಹುದೇ?
— ಓದುಗರು, ರಾಜಾಜಿನಗರ, ಬೆಂಗಳೂರು

ಖಂಡಿತ ಮಾಡಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಬಾಡಿಗೆದಾರರು 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾನೂನು ಬಿಟ್ಟು ಹೊರಹಾಕಲಾಯಿತೇ ಎಂಬುದಷ್ಟೇ. ಬಾಕಿ ಉಳಿಸಿಕೊಂಡವರು ದೂರುದಾರರಾಗಿ, ನೀವು ಆರೋಪಿಯಾಗಿ ನಿಲ್ಲುತ್ತೀರಿ.

ನಿಮ್ಮ ಮನೆಗೆ ಯಾವ ಕಾನೂನು ಎಂದು ಮೊದಲು ನೋಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯವಾಗುವುದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ, ಉಳಿದೆಡೆ 2,000ದವರೆಗಿನ ಬಾಡಿಗೆಯ ವಾಸದ ಮನೆಗಳಿಗೆ ಮಾತ್ರ. ನಿಮ್ಮದು 18,000. ಹಾಗಾಗಿ ಆಸ್ತಿ ವರ್ಗಾವಣೆ ಕಾಯ್ದೆಯೇ ಸಾಕು. ಬಾಡಿಗೆ ಮುಗಿಸಲು ಇಂಥದ್ದೇ ಕಾರಣ ಬೇಕೆಂಬ ಪಟ್ಟಿ ಅಲ್ಲಿಲ್ಲ, ಸರಿಯಾದ ನೋಟಿಸ್ ಬೇಕು.

ತಿಂಗಳ ಬಾಡಿಗೆಗೆ 106ನೇ ಸೆಕ್ಷನ್ ಪ್ರಕಾರ 15 ದಿನದ ಲಿಖಿತ ನೋಟಿಸ್. ಕರಾರಿನಲ್ಲಿ ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳೇ ಕೊಡಬೇಕು. ವಕೀಲರ ಮೂಲಕ, ಸ್ವೀಕೃತಿ ಪತ್ರ ಬರುವ ಅಂಚೆಯಲ್ಲಿ ಕಳುಹಿಸಿ. ಲಕೋಟೆ ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂದು ವಾಪಸ್ ಬಂದರೆ ಒಡೆಯದೆ ಹಾಗೇ ಇಡಿ, ಅದೂ ಸಾಕ್ಷಿ. ನೋಟಿಸಿನಲ್ಲಿ ಮೂರು ವಿಷಯ ಸ್ಪಷ್ಟವಾಗಿರಲಿ: ಬಾಡಿಗೆ ರದ್ದಾಗುವ ದಿನ, ತಿಂಗಳುವಾರು ಬಾಕಿ, ಮತ್ತು ಆ ದಿನದ ನಂತರ ಇದ್ದರೆ ದಿನಕ್ಕೆ ಇಷ್ಟು ಎಂದು ನೀವು ಕೇಳುವ ನಷ್ಟಪರಿಹಾರ.

ಇಲ್ಲಿಂದ ಮುಂದೆ ಹೆಚ್ಚಿನವರು ಎಡವುತ್ತಾರೆ. ನೋಟಿಸ್ ಹೋದ ಮೇಲೆ ಬಾಡಿಗೆದಾರರು ಒಂದು ತಿಂಗಳ ಹಣ ಹಾಕಿದರು ಎನ್ನಿ. ಅದನ್ನು ‘ಬಾಡಿಗೆ’ ಎಂದು ರಸೀದಿ ಕೊಟ್ಟು ಪಡೆದರೆ ನೋಟಿಸನ್ನು ನೀವೇ ಕೈಬಿಟ್ಟಿರಿ ಎಂದು ವಾದಿಸಲು ದಾರಿಯಾಗುತ್ತದೆ. ಅಂದೇ ಒಂದು ಸಂದೇಶ ಕಳುಹಿಸಿ: ‘ಈ ಹಣವನ್ನು ಹಳೆ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ, ನೋಟಿಸ್ ಹಾಗೇ ಇದೆ.’

ಅವಧಿ ಮುಗಿದರೂ ಬಿಡದಿದ್ದರೆ ಸ್ವಾಧೀನ, ಬಾಕಿ, ನಷ್ಟಪರಿಹಾರ ಮೂರನ್ನೂ ಸೇರಿಸಿ ದಾವೆ. ಬೆಂಗಳೂರಿನಲ್ಲಿ ಇಂಥವು ಸ್ಮಾಲ್ ಕಾಸಸ್ (ಲಘು ವ್ಯವಹಾರಗಳ) ನ್ಯಾಯಾಲಯಕ್ಕೆ ಹೋಗುತ್ತವೆ. ಬಾಡಿಗೆ ಬಾಕಿಯ ವಸೂಲಿಗೆ ಕಾಲಮಿತಿ 3 ವರ್ಷ.

ಈಗ ಹಣದ ಲೆಕ್ಕ. ಐದು ತಿಂಗಳ ಬಾಕಿ 90,000. ಅಡ್ವಾನ್ಸ್‌ನಲ್ಲಿ ಉಳಿದಿರುವುದು 10,000 ಮಾತ್ರ. ಕರೆಂಟು ಬಾಕಿ, ಬಣ್ಣ ಹಿಡಿದರೆ ಅದೂ ಇಲ್ಲ. ದಾವೆ ಒಂದು ವರ್ಷ ನಡೆದರೆ ಇನ್ನೂ 2.16 ಲಕ್ಷದ ಬಾಡಿಗೆ ತೂಗಾಡುತ್ತದೆ. ಆದ್ದರಿಂದ ನೋಟಿಸ್ ಕೊಟ್ಟ ಕೂಡಲೇ ಮಾತುಕತೆಗೂ ಕೂರಿ. ‘ಇಂಥ ತಾರೀಖಿಗೆ ಖಾಲಿ ಮಾಡಿದರೆ ಒಂದು ತಿಂಗಳ ಬಾಕಿ ಬಿಡುತ್ತೇನೆ’ ಎಂದು ಬರೆದು ಇಬ್ಬರೂ ಸಹಿ ಹಾಕುವುದು ಸೋಲಲ್ಲ, 18,000ಕ್ಕೆ ಒಂದು ವರ್ಷ ಉಳಿಸಿದಂತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮೊದಲೇ ರಾಜಿಗೆ ಅರ್ಜಿ ಕೊಡುವ ವ್ಯವಸ್ಥೆಯೂ ಇದೆ. ಮುಂದಿನ ಬಾಡಿಗೆದಾರರ ವಿಷಯದಲ್ಲಿ ಎರಡನೇ ತಿಂಗಳ ಬಾಕಿಗೇ ನೋಟಿಸ್ ಹೋಗಲಿ; ಆಗ ಅಡ್ವಾನ್ಸ್‌ನ ಬಹುಪಾಲು ಇನ್ನೂ ನಿಮ್ಮ ಕೈಯಲ್ಲಿರುತ್ತದೆ.

ಮನೆಗೆ ಬ್ಯಾಂಕ್ ಸಾಲ ಇದೆ. ಒಬ್ಬರು 3 ವರ್ಷಕ್ಕೆ 12 ಲಕ್ಷ ಭೋಗ್ಯ ಕೊಡುತ್ತೇನೆ ಎನ್ನುತ್ತಿದ್ದಾರೆ. ಬಾಡಿಗೆಗೆ ಕೊಟ್ಟರೆ 14,000 ಬರಬಹುದು. ಸಾಲ ತೀರಿಸಲು ಭೋಗ್ಯವೇ ಒಳ್ಳೆಯದಲ್ಲವೇ?
— ಓದುಗರು, ಮೈಸೂರು

ಭೋಗ್ಯ ಎಂದರೆ ಬಾಡಿಗೆಯನ್ನೇ ಬಡ್ಡಿಯಾಗಿ ಕೊಟ್ಟು ಪಡೆಯುವ ಸಾಲ. ನೀವು ಬಿಡುತ್ತಿರುವ ಬಾಡಿಗೆ ವರ್ಷಕ್ಕೆ 1.68 ಲಕ್ಷ. 12 ಲಕ್ಷಕ್ಕೆ ಅದು ಶೇ 14. ಶೇ 9ರ ಗೃಹಸಾಲ ತೀರಿಸಲು ಶೇ 14ರ ಸಾಲ ಎತ್ತಿದಂತಾಯಿತು. ತೀರಿಸಿದ ಸಾಲಕ್ಕೆ ಉಳಿಯುವ ಬಡ್ಡಿ ವರ್ಷಕ್ಕೆ 1.08 ಲಕ್ಷ, ಕಳೆದುಕೊಳ್ಳುವ ಬಾಡಿಗೆ 1.68 ಲಕ್ಷ. ಬಾಡಿಗೆಗೆ ಬೀಳುವ ತೆರಿಗೆ ಕಳೆದರೂ ನಿಮ್ಮ ಮಟ್ಟಿಗೆ ಇದು ನಷ್ಟದ ವ್ಯವಹಾರ.

ಇದಕ್ಕಿಂತ ದೊಡ್ಡ ತೊಂದರೆ ಮೂರನೇ ವರ್ಷದ ಕೊನೆಯ ದಿನ. 12 ಲಕ್ಷ ಸಾಲಕ್ಕೆ ಹೋಗಿದೆ, ವಾಪಸ್ ಕೊಡಲು ಎಲ್ಲಿಂದ ತರುತ್ತೀರಿ? ಹಣ ಬರುವವರೆಗೆ ಅವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಇನ್ನೊಬ್ಬರನ್ನು ಹುಡುಕಿ ಅವರ ಭೋಗ್ಯದ ಹಣದಿಂದ ಇವರಿಗೆ ಕೊಡುವ ಸರಪಳಿ ಶುರುವಾಗುತ್ತದೆ. ಭೋಗ್ಯದ ದರ ಒಮ್ಮೆ ಇಳಿದರೆ ಸರಪಳಿ ಕಡಿಯುತ್ತದೆ.

ಬ್ಯಾಂಕಿನ ಸಾಲಪತ್ರವನ್ನು ಓದಿ. ಒಪ್ಪಿಗೆಯಿಲ್ಲದೆ ಗುತ್ತಿಗೆ, ಭೋಗ್ಯಕ್ಕೆ ಕೊಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಂತು ತಪ್ಪಿ ಬ್ಯಾಂಕ್ ಮನೆ ಜಪ್ತಿಗೆ ಬಂದರೆ ಬೀದಿಗೆ ಬೀಳುವುದು ಜೀವಮಾನದ ಉಳಿತಾಯ ಕೊಟ್ಟ ಆ ಕುಟುಂಬ. ಹಾಗಾಗಿ ಸಾಲ ಇರುವುದನ್ನು ಅವರಿಗೆ ಮುಚ್ಚಿಟ್ಟು ಹಣ ಪಡೆಯಬೇಡಿ. ಕೊಡಲೇಬೇಕಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆ, ನೋಂದಾಯಿತ ಪತ್ರ, ಹಣ ಪೂರ್ತಿ ಬ್ಯಾಂಕ್ ಮೂಲಕ. 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಪಡೆದವರಿಗೆ, ಅಂದರೆ ನಿಮಗೆ.

‘ಮನೆ ನಮಗೆ ಬಾಡಿಗೆಗೆ ಕೊಡಿ, ನಿರ್ವಹಣೆ ನಮ್ಮದು’ ಎಂದು ಮಧ್ಯವರ್ತಿ ಸಂಸ್ಥೆ ಬಂದರೂ ಹುಷಾರು. ನಿಮಗೆ ತಿಂಗಳ ಬಾಡಿಗೆ ಕಟ್ಟುತ್ತಾ, ಒಳಗಿರುವವರಿಂದ ಲಕ್ಷಗಟ್ಟಲೆ ಭೋಗ್ಯ ಪಡೆದು ಮಾಯವಾಗುವ ವಂಚನೆ ಬೆಂಗಳೂರಿನಲ್ಲಿ ನಡೆದಿದೆ. ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡಬೇಡಿ. ಮನೆಯಲ್ಲಿ ಯಾರಿದ್ದಾರೆ, ಯಾವ ಪತ್ರದ ಮೇಲೆ ಇದ್ದಾರೆ ಎಂದು ಖುದ್ದು ಹೋಗಿ ನೋಡಿ.

ಅಬುಧಾಬಿಯಲ್ಲಿದ್ದೇನೆ. ಮಂಗಳೂರಿನ ಫ್ಲ್ಯಾಟಿಗೆ 30,000 ಬಾಡಿಗೆ. ಬಾಡಿಗೆದಾರರು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿಯಬೇಕೆಂದು ಯಾರೋ ಹೇಳಿದರು. 50,000 ಮೀರಿದರೆ ಮಾತ್ರವಲ್ಲವೇ?
— ಓದುಗರು, ಅಬುಧಾಬಿ

50,000ದ ಮಿತಿ ಭಾರತದಲ್ಲೇ ನೆಲೆಸಿರುವ ಮಾಲೀಕರಿಗೆ. ಮಾಲೀಕರು ಅನಿವಾಸಿಯಾದರೆ ಯಾವ ಕನಿಷ್ಠ ಮಿತಿಯೂ ಇಲ್ಲ. ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2 ಕಡಿಯಬೇಕು. ನಿಮ್ಮ 30,000ದಲ್ಲಿ 9,360 ಸರ್ಕಾರಕ್ಕೆ, 20,640 ನಿಮಗೆ. ಇದಕ್ಕೆ ಬಾಡಿಗೆದಾರರು ಟ್ಯಾನ್ ಸಂಖ್ಯೆ (ತೆರಿಗೆ ಕಡಿಯುವವರ ಗುರುತಿನ ಸಂಖ್ಯೆ) ಪಡೆದು ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಕಡಿಯದಿದ್ದರೆ ಬಡ್ಡಿ ಸಮೇತ ಹೊಣೆ ಅವರದ್ದಾಗುತ್ತದೆ. ನೀವು ಅನಿವಾಸಿ ಎಂಬುದನ್ನು ಕರಾರಿನಲ್ಲೇ ಬರೆದು ಅವರಿಗೆ ಮೊದಲೇ ತಿಳಿಸುವುದು ನ್ಯಾಯ.

ಕಡಿದ ಹಣ ಪೂರ್ತಿ ಹೋಯಿತೆಂದು ತಿಳಿಯಬೇಡಿ. ವರ್ಷದ ಬಾಡಿಗೆ 3.60 ಲಕ್ಷದಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ, ಉಳಿದದ್ದರಲ್ಲಿ ಶೇ 30 ನಿಗದಿತ ಕಡಿತ ತೆಗೆದರೆ 2.52 ಲಕ್ಷಕ್ಕಿಂತ ಕಡಿಮೆ. ಗೃಹಸಾಲದ ಬಡ್ಡಿ ಇದ್ದರೆ ಅದೂ ಕಳೆಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ಭಾರತದಲ್ಲಿ ಬೇರೆ ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಕಡಿದ 1,12,320 ರೂಪಾಯಿಯನ್ನೂ ವಾಪಸ್ ಪಡೆಯಬಹುದು. ಪ್ರತಿವರ್ಷ ಹೀಗೆ ಕಾಯುವ ಬದಲು, ವರ್ಷದ ಆರಂಭದಲ್ಲೇ ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಪ್ರಮಾಣಪತ್ರ ಪಡೆದು ಬಾಡಿಗೆದಾರರಿಗೆ ಕೊಡಿ.

ಬಾಡಿಗೆ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳ ಭಾರತದ ಆದಾಯಕ್ಕಿರುವ ಬ್ಯಾಂಕ್ ಖಾತೆಗೆ ಬರಲಿ. ಊರಲ್ಲಿದ್ದಾಗ ತೆರೆದ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಬಳಸುವುದು ನಿಯಮಕ್ಕೆ ವಿರುದ್ಧ. ಅಣ್ಣನಿಗೋ ಮಾವನಿಗೋ ಅಧಿಕಾರ ಪತ್ರ ಕಳುಹಿಸುವುದಾದರೆ ಭಾರತೀಯ ರಾಯಭಾರ ಕಚೇರಿಯಲ್ಲಿ ಸಹಿ ದೃಢೀಕರಿಸಿ, ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿ. ಅದರಲ್ಲಿ ಬಾಡಿಗೆ ಮತ್ತು ನಿರ್ವಹಣೆಗೆ ಬೇಕಾದ ಅಧಿಕಾರ ಮಾತ್ರ ಇರಲಿ, ಮಾರುವ ಅಧಿಕಾರ ಬೇಡ.

ಬಾಡಿಗೆದಾರರು ಎರಡು ವರ್ಷದ ನಂತರ ಬಿಡುತ್ತಿದ್ದಾರೆ. ಬಣ್ಣಕ್ಕೆ, ಬಚ್ಚಲ ಪಕ್ಕದ ಗೋಡೆ ಉಬ್ಬಿರುವುದಕ್ಕೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬಹುದು?
— ಓದುಗರು, ಶಿವಮೊಗ್ಗ

ಗೋಡೆ ಉಬ್ಬಿದ್ದಕ್ಕೆ ಒಂದು ಪೈಸೆಯೂ ಹಿಡಿಯಬೇಡಿ, ಅದು ಕಟ್ಟಡದ ದೋಷ. ಬಿಸಿಲಿಗೆ ಮಾಸಿದ ಬಣ್ಣ, ಕ್ಯಾಲೆಂಡರ್ ಮೊಳೆಯ ತೂತು, ಸವೆದ ನಲ್ಲಿಯ ವಾಷರ್ ಬಳಕೆಯಿಂದ ಸಹಜವಾಗಿ ಆಗುವ ಸವಕಳಿ. ಅದನ್ನು ಬಾಡಿಗೆದಾರರು ಭರಿಸಬೇಕಿಲ್ಲ. ಒಡೆದ ಬೇಸಿನ್, ಸೀಳಿದ ಗ್ರಾನೈಟ್, ಕಿತ್ತ ಬಾಗಿಲ ಚಿಲಕ ಮಾತ್ರ ಹಾನಿ. ಹಾನಿಗೂ ವಸ್ತುವಿನ ವಯಸ್ಸು ನೋಡಬೇಕು. ಬಣ್ಣದ ಆಯುಸ್ಸು ಮೂರು ವರ್ಷ ಎಂದಿಟ್ಟುಕೊಂಡರೆ ಎರಡು ವರ್ಷ ಆಗಲೇ ಕಳೆದಿದೆ. ಮಕ್ಕಳು ಗೋಡೆ ತುಂಬ ಗೀಚಿದ್ದರೂ ಕೇಳಬಹುದಾದದ್ದು ಖರ್ಚಿನ ಮೂರನೇ ಒಂದು ಭಾಗ. ‘ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ’ ಎಂದು ಕರಾರಿನಲ್ಲಿ ಬರೆದಿದ್ದರೆ ಅದರಂತೆ ಹಿಡಿಯಿರಿ, ಆದರೆ ಅದರ ಮೇಲೆ ಮತ್ತೆ ಬಣ್ಣದ ಬಿಲ್ಲು ತೋರಿಸಬೇಡಿ. ಮೊದಲ ದಿನ ತೆಗೆದ ವಿಡಿಯೋ ಇಲ್ಲದಿದ್ದರೆ ಹಾನಿಯ ವಾದವೇ ನಿಲ್ಲದು. ಬೀಗದ ಕೈ ಕೊಡುವ ದಿನ ಪ್ರತಿ ಕೋಣೆ, ಬಚ್ಚಲು, ಸಿಂಕಿನ ಕೆಳಗೆ, ವಿದ್ಯುತ್ ಮತ್ತು ನೀರಿನ ಮೀಟರ್ ಓದು, ಕೀಲಿಕೈಗಳ ಸಂಖ್ಯೆ ಎಲ್ಲ ಸೇರಿಸಿ ವಿಡಿಯೋ ಮಾಡಿ ಅವರಿಗೂ ಕಳುಹಿಸಿ.

ಗೋಡೆ ಉಬ್ಬಿದ ಕಾರಣ ಹುಡುಕದೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಆರು ತಿಂಗಳಲ್ಲಿ ಮತ್ತೆ ಉಪ್ಪು ಹೊರಬಂದು ಸುಲಿಯುತ್ತದೆ. ಮನೆ ಖಾಲಿಯಾದ ಎರಡು ದಿನ ಈ ಪರೀಕ್ಷೆಗೇ ಇಡಿ. ಮೊದಲ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಆ ಮನೆಗೆ ನೀರು ಬರುವ ಕೊಳವೆಯ ಮೀಟರ್ ಓದು ಬರೆದುಕೊಳ್ಳಿ. ಬೆಳಿಗ್ಗೆ ಮುಂದೆ ಓಡಿದ್ದರೆ ಗೋಡೆಯೊಳಗಿನ ನೀರಿನ ಕೊಳವೆ ಸೋರುತ್ತಿದೆ. ಓಡದಿದ್ದರೆ ಬಚ್ಚಲಿನ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ತೂತಿನ) ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ 24 ಗಂಟೆ ಬಿಡಿ. ಗೋಡೆಯ ಬದಿ ಅಥವಾ ಕೆಳಮನೆಯ ಚಾವಣಿ ಒದ್ದೆಯಾದರೆ ನೆಲ–ಗೋಡೆ ಸೇರುವ ಮೂಲೆಯಲ್ಲೋ ಟೈಲ್ಸ್ ಸಂದಿನಲ್ಲೋ ಬಿರುಕಿದೆ. ಎರಡೂ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಟ್ರ್ಯಾಪಿನಿಂದ ಆಚೆಗಿನ ಕೊಳಚೆ ಕೊಳವೆಯ ಕೀಲು ನೋಡಿಸಿ. ದುರಸ್ತಿಯಾದ ಮೇಲೂ ಉಬ್ಬಿದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ, ಕೆಲವು ವಾರ ಒಣಗಲು ಬಿಟ್ಟು ಆಮೇಲೆ ಗಾರೆ, ಬಣ್ಣ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಬಾಡಿಗೆದಾರರು ಗೃಹಜ್ಯೋತಿ ಪಡೆಯುತ್ತಿದ್ದರು, ಈಗ ಬಿಟ್ಟು ಹೋಗಿದ್ದಾರೆ. ಹೊಸಬರಿಗೆ ನೋಂದಣಿ ಆಗುತ್ತಿಲ್ಲ.
— ಓದುಗರು, ಹಾಸನ

ಹಳಬರ ಆಧಾರ್ ನಿಮ್ಮ ಮನೆಯ ಆರ್‌ಆರ್ ನಂಬರಿಗೆ (ವಿದ್ಯುತ್ ಸಂಪರ್ಕದ ಸಂಖ್ಯೆಗೆ) ಇನ್ನೂ ಜೋಡಿಕೊಂಡಿದೆ. ಅವರೇ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದನ್ನು ಬಿಡಿಸಬೇಕು. ಬಿಡಿಸದಿದ್ದರೆ ಅವರ ಹೊಸ ಮನೆಗೂ ಯೋಜನೆ ಸಿಗುವುದಿಲ್ಲ ಎಂದು ಹೇಳಿದರೆ ತಡಮಾಡುವುದಿಲ್ಲ. ಮುಂದೆ ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಇದನ್ನೂ ಮಾಡಿಸಿಕೊಳ್ಳಿ.

ಮನೆ ಬಾಡಿಗೆಗಿದೆ, ಆಸ್ತಿ ತೆರಿಗೆಯಲ್ಲಿ ‘ಸ್ವಂತ ವಾಸ’ ಎಂದೇ ತೋರಿಸುತ್ತಿದ್ದೇವೆ. ತೊಂದರೆಯೇ?
— ಓದುಗರು, ವಿಜಯನಗರ, ಬೆಂಗಳೂರು

ಹೌದು. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ದರ ಹೆಚ್ಚು. ಆದಾಯ ತೆರಿಗೆ ರಿಟರ್ನಿನಲ್ಲಿ ಬಾಡಿಗೆ ತೋರಿಸಿ ಇಲ್ಲಿ ಸ್ವಂತ ವಾಸ ಎಂದರೆ ನಿಮ್ಮ ಎರಡು ಹೇಳಿಕೆಗಳೇ ಒಂದರ ವಿರುದ್ಧ ಇನ್ನೊಂದು ಸಾಕ್ಷಿಯಾಗುತ್ತವೆ. ವ್ಯತ್ಯಾಸದ ಹಣ ದಂಡ, ಬಡ್ಡಿ ಸೇರಿ ಹಿಂದಿನ ವರ್ಷಗಳಿಂದ ಕಟ್ಟಬೇಕಾಗಿ ಬರುತ್ತದೆ. ಈ ವರ್ಷದಿಂದಲೇ ತಿದ್ದಿ. ಕಟ್ಟಿದ ಆಸ್ತಿ ತೆರಿಗೆ ಬಾಡಿಗೆ ಆದಾಯದಿಂದ ಕಳೆಯುತ್ತದೆ, ಆದರೆ ಅದೇ ಆರ್ಥಿಕ ವರ್ಷದಲ್ಲಿ ನೀವೇ ಕಟ್ಟಿರಬೇಕು. ಏಪ್ರಿಲ್‌ನೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ.

ನಾಲ್ಕು ಮನೆಗೆ ಒಂದೇ ನೀರಿನ ಸಂಪರ್ಕ. ತಲೆ ಲೆಕ್ಕದಲ್ಲಿ ಹಂಚಿದರೆ ಪ್ರತಿ ತಿಂಗಳೂ ಜಗಳ.
— ಓದುಗರು, ಯಲಹಂಕ, ಬೆಂಗಳೂರು

ಮೇಲಿನ ಟ್ಯಾಂಕಿನಿಂದ ಪ್ರತಿ ಮನೆಗೆ ಇಳಿಯುವ ಕೊಳವೆಗೆ 15 ಮಿಲಿಮೀಟರ್ ಮೀಟರ್ ಒಂದೊಂದು ಹಾಕಿಸಿ. ಅಡುಗೆಮನೆಗೆ, ಬಚ್ಚಲಿಗೆ ಬೇರೆ ಬೇರೆ ಕೊಳವೆ ಇಳಿದಿದ್ದರೆ ಎರಡಕ್ಕೂ ಬೇಕು. ಪ್ಲಂಬರ್ ಒಂದಕ್ಕೆ ಮಾತ್ರ ಹಾಕಿ ಹೋಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮೀಟರ್ ಅಡ್ಡವಾಗಿ, ಮುಖ ಮೇಲಾಗಿ ಕೂರಬೇಕು. ಮೊದಲೊಂದು ವಾಲ್ವ್, ಕಸ ಹಿಡಿಯುವ ಜಾಲರಿ ಇರಲಿ. ಬೋರ್ ನೀರಿನ ಮರಳು ಜಾಲರಿಯಲ್ಲಿ ಕಟ್ಟಿ ನೀರು ಸಣ್ಣಗಾದರೆ ಬಿಚ್ಚಿ ತೊಳೆದರಾಯಿತು. ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡಬೇಡಿ, ಕೊಳವೆಯಲ್ಲಿ ತುಂಬಿದ ಗಾಳಿಯೂ ಮೀಟರನ್ನು ತಿರುಗಿಸುತ್ತದೆ.

ಹಂಚುವುದು ಹೀಗೆ: ಆ ತಿಂಗಳ ಜಲಮಂಡಳಿ ಬಿಲ್ಲು 1,900, ಎರಡು ಟ್ಯಾಂಕರ್ 1,800, ಮೋಟರಿನ ಕರೆಂಟು 500, ಒಟ್ಟು 4,200 ಎನ್ನಿ. ನಾಲ್ಕು ಮನೆಯ ಮೀಟರ್ ಸೇರಿ 42 ಸಾವಿರ ಲೀಟರ್ ಆಗಿದ್ದರೆ ಸಾವಿರ ಲೀಟರಿಗೆ 100 ರೂಪಾಯಿ. 9 ಸಾವಿರ ಲೀಟರ್ ಬಳಸಿದ ಮನೆಗೆ 900. ಟ್ಯಾಂಕ್ ತುಂಬಿ ಹರಿದದ್ದು, ಅಂಗಳ ತೊಳೆದದ್ದು ಈ ಲೆಕ್ಕದಲ್ಲಿ ಬಾಡಿಗೆದಾರರ ತಲೆಗೇ ಬೀಳುತ್ತದೆ. ಅದಕ್ಕೆ ಟ್ಯಾಂಕಿಗೆ ಫ್ಲೋಟ್ ಸ್ವಿಚ್ (ಟ್ಯಾಂಕ್ ತುಂಬಿದೊಡನೆ ಮೋಟರ್ ನಿಲ್ಲಿಸುವ ಸ್ವಿಚ್ಚು) ಹಾಕಿಸುವ ಖರ್ಚು ನಿಮ್ಮದಾಗಲಿ. ಓದನ್ನು ತಿಂಗಳ ಮೊದಲ ದಿನ ಫೋಟೋ ತೆಗೆದು ನಾಲ್ಕೂ ಮನೆಯವರಿಗೆ ಕಳುಹಿಸಿ, ಬಿಲ್ಲುಗಳ ಫೋಟೋ ಸಮೇತ.